ಲಾಡ್ ಖಾನನಿಗೆ ಸಿಕ್ಕ ಕೊಠಡಿ

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಶನಿವಾರ ಬೆಳಿಗ್ಗೆ ಆರಂಭಿಸಿ ಭಾನುವಾರ ಮಧ್ಯಾಹ್ನದೊಳಗೆ ನೋಡಿ ಮುಗಿಸುವ ಸಂಕಲ್ಪ ತೊಟ್ಟು ಬೆಂಗಳೂರಿನಿಂದ ಹೊರಡುವ ಕುಟುಂಬಗಳು ಮೊದಲು ಹುಡುಕುವುದು ಚಾಲುಕ್ಯರನ್ನಲ್ಲ, ಗೀಸರನ್ನು. ಇದರಲ್ಲಿ ತಪ್ಪೇನೂ ಇಲ್ಲ. ಆರನೆಯ ಶತಮಾನದ ಗುಹೆಯ ಮುಂದೆ ನಿಲ್ಲುವ ಮುನ್ನ ಬಿಸಿನೀರಿನಲ್ಲಿ ಮಿಂದಿರಬೇಕೆಂಬ ಆಸೆ ಯಾವ ಶಾಸ್ತ್ರಕ್ಕೂ ವಿರುದ್ಧವಾದುದಲ್ಲ. ಸೋಜಿಗವಿರುವುದು ಅದರ ಬೆನ್ನಿಗೇ ಬರುವ ಷರತ್ತುಗಳಲ್ಲಿ. ಆ ಗೀಸರು ಗುಡಿಯ ಗೋಡೆಗೆ ತಾಗಿದಂತಿರಬೇಕು. ಪರದೆ ಸರಿಸಿದರೆ ಶಿಖರ ಕಾಣಬೇಕು, ಎಳೆದರೆ ಮರೆಯಾಗಬೇಕು. ಕೆಳಗೆ ಕಾರು ನಿಲ್ಲಿಸಲು ನೆರಳಿನ ಜಾಗವಿರಬೇಕು. ಮಕ್ಕಳಿಗೆ ಇತಿಹಾಸದಿಂದ ಉಂಟಾಗುವ ಬೇಸರವನ್ನು ಕಳೆಯಲು ಒಂದು ಈಜುಕೊಳವಿದ್ದರೆ ಒಳ್ಳೆಯದು. ಇಷ್ಟೆಲ್ಲ ಇದ್ದೂ ಸುತ್ತಲಿನ ಪರಿಸರ ಮಾತ್ರ ಇಮ್ಮಡಿ ಪುಲಕೇಶಿ ಬಿಟ್ಟುಹೋದ ಹಾಗೆಯೇ ಉಳಿದಿರಬೇಕು.

ವಸತಿಗೃಹಗಳನ್ನು ನಡೆಸುವವರು ಈ ಭಕ್ತಿಯ ಸ್ವರೂಪವನ್ನು ಚೆನ್ನಾಗಿ ಬಲ್ಲರು. ಗುಡಿಯನ್ನು ಎತ್ತಿ ತಂದು ಲಾಡ್ಜಿನ ಪಕ್ಕದಲ್ಲಿ ನಿಲ್ಲಿಸಲಾಗದು, ಲಾಡ್ಜನ್ನು ಗುಡಿಯ ಪಕ್ಕದಲ್ಲಿ ಕಟ್ಟಲು ಕಾನೂನು ಬಿಡದು. ಹೀಗಿರುವಾಗ ಅವರಿಗೆ ಉಳಿದಿರುವ ದಾರಿಯೆಂದರೆ ನಡುವಿನ ದೂರವನ್ನೇ ಕಡಿಮೆ ಮಾಡಿಬಿಡುವುದು. ಹೆಸರಿಟ್ಟರೆ ಅರ್ಧ ದೂರ ಕಳೆಯುತ್ತದೆ. ಹೊಸಪೇಟೆಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಎದ್ದ ಕಟ್ಟಡವೊಂದು ತನ್ನ ನಾಮಫಲಕದಲ್ಲಿ ಹಂಪಿಯನ್ನು ಸೇರಿಸಿಕೊಂಡ ಕೂಡಲೇ ನಡುವಿನ ಸುಮಾರು 13 ಕಿಲೋಮೀಟರು ಲೆಕ್ಕದಿಂದ ಹೊರಗಾಗುತ್ತದೆ. ಉಳಿದರ್ಧವನ್ನು ನಕ್ಷೆ ನುಂಗುತ್ತದೆ. ನಕ್ಷೆಯ ಮೇಲೆ ಎಳೆದ ನೇರ ಗೆರೆಗೆ ಗುಡ್ಡ, ಕೆರೆ, ಹೊಳೆ ಯಾವುದೂ ಅಡ್ಡಿಯಲ್ಲ. ಬಾದಾಮಿಯ ಪೇಟೆಯಲ್ಲಿರುವ ಕೊಠಡಿಯಿಂದ ಭೂತನಾಥ ಗುಡಿಗೆ ಅಳೆದ ಗೆರೆ ಅಗಸ್ತ್ಯ ತೀರ್ಥದ ನೀರಿನ ಮೇಲೆಯೇ ಹಾಯ್ದುಹೋಗಬಲ್ಲದು. ಬಾಡಿಗೆ ಕೊಟ್ಟ ಅತಿಥಿ ಮಾತ್ರ ದಡ ಬಳಸಿಕೊಂಡು ನಡೆಯಬೇಕು. ಬಾದಾಮಿಯ ಹೆಸರು ಹೊತ್ತ ರೈಲು ನಿಲ್ದಾಣವೇ ಊರಿನಿಂದ ಸುಮಾರು 5 ಕಿಲೋಮೀಟರು ಆಚೆಗಿರುವಾಗ ಲಾಡ್ಜಿನವರನ್ನು ಮಾತ್ರ ದೂರುವುದು ಅನ್ಯಾಯ ಎಂಬ ವಾದವೂ ಇದೆ. ಟಂಟಂ ಆಟೊಗಳ ಚಾಲಕರು ಈ ವಾದವನ್ನು ಬಲವಾಗಿ ಬೆಂಬಲಿಸುತ್ತಾರೆ.

ನೇರ ಗೆರೆಯ ಮಹಿಮೆಯನ್ನು ಪೂರ್ತಿಯಾಗಿ ಅರಿಯಬೇಕಾದರೆ ತುಂಗಭದ್ರೆಯ ದಡಕ್ಕೆ ಹೋಗಬೇಕು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಎದುರು ದಡದಲ್ಲಿ, ಕೊಪ್ಪಳ ಜಿಲ್ಲೆಗೆ ಸೇರಿದ ವಿರೂಪಾಪುರ ಗಡ್ಡೆಯಲ್ಲಿ, ಬಹುಕಾಲ ರೆಸಾರ್ಟುಗಳ ಸಾಲೇ ಇತ್ತು. ಅಲ್ಲಿಂದ ಗೋಪುರ ಕಣ್ಣಳತೆಯಲ್ಲೇ. ಆದರೆ ಸಂಜೆ ದೋಣಿ ನಿಂತ ಮೇಲೆ, ಅಥವಾ ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟ ದಿನ, ಅದೇ ಗೋಪುರದ ಬುಡ ಮುಟ್ಟಲು ಸೇತುವೆ ಹುಡುಕಿಕೊಂಡು ಹತ್ತಾರು ಕಿಲೋಮೀಟರು ಸುತ್ತಬೇಕಿತ್ತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅವುಗಳ ತೆರವನ್ನು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಯಂತ್ರಗಳು ಬಂದು ಕೆಡವಿದವು. ಗುಡಿಗೆ ಅತಿ ಹತ್ತಿರವಿದ್ದೇವೆ ಎಂದು ಮಾಲೀಕರು ಸಾರಿಕೊಂಡು ಬಂದದ್ದನ್ನು ನ್ಯಾಯಾಲಯವೂ ನಂಬಿತೆನ್ನಬೇಕು. ಸಂರಕ್ಷಿತ ಪ್ರದೇಶದೊಳಗೇ ಇದ್ದೀರಿ ಎಂಬುದೇ ಅವರ ಮೇಲಿದ್ದ ಆಕ್ಷೇಪವಾಗಿತ್ತು.

ಕಾನೂನು ಹೇಳುವುದು ಸರಳವಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಇರುವುದನ್ನು ರಿಪೇರಿ ಮಾಡಲಿಕ್ಕೂ ಅನುಮತಿ ಬೇಕು. ಎರಡನೆಯದರಲ್ಲಿ ಅನುಮತಿ ಪಡೆದು ಕಟ್ಟಬಹುದು. ಬಯಲಿನ ನಡುವೆ ಒಂಟಿಯಾಗಿ ನಿಂತ ಗುಡಿಗೆ ಈ ನಿಯಮ ಒಡವೆಯಂತೆ ಒಪ್ಪುತ್ತದೆ. ಆದರೆ ಐಹೊಳೆಯಲ್ಲಿರುವುದು ನೂರಕ್ಕೂ ಹೆಚ್ಚು ಗುಡಿಗಳು, ಅವು ಇರುವುದು ಊರಿನ ಸುತ್ತಲೂ ಒಳಗೂ. ಒಂದು ಗುಡಿಯ ವೃತ್ತ ಮುಗಿಯುವ ಮೊದಲೇ ಇನ್ನೊಂದರ ವೃತ್ತ ಆರಂಭವಾಗುತ್ತದೆ. ಹಿತ್ತಿಲಿನಲ್ಲಿ ಕಲ್ಯಾಣ ಚಾಲುಕ್ಯರು, ಅಂಗಳದಲ್ಲಿ ಬಾದಾಮಿ ಚಾಲುಕ್ಯರು ಇರುವ ಮನೆಯ ಯಜಮಾನ ಮಗನ ಮದುವೆಗೆಂದು ಒಂದು ಕೋಣೆ ಏರಿಸಬೇಕೆಂದರೆ ಎರಡೂ ವಂಶಗಳು ಅಡ್ಡಬರುತ್ತವೆ.

ಈ ಊರಿನಲ್ಲಿ ಗುಡಿಗೆ ಅತ್ಯಂತ ಸಮೀಪದ ವಸತಿಯನ್ನು ಪಡೆದವನೆಂದರೆ ಲಾಡ್ ಖಾನ್. ಆತ ಗುಡಿಯ ಪಕ್ಕದಲ್ಲಿ ಕೊಠಡಿ ಹುಡುಕುವ ಗೊಡವೆಗೇ ಹೋಗದೆ ಗುಡಿಯೊಳಗೇ ವಾಸವಾಗಿದ್ದ, ಆದ್ದರಿಂದ ಶಿವನ ಆ ಗುಡಿಗೆ ಇಂದಿಗೂ ಅವನದೇ ಹೆಸರು. ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ ಮೊದಲಾದ ಹೆಸರುಗಳನ್ನು ಕೇಳಿದರೂ ಸಾಕು, ಕಟ್ಟಿಸಿದ ಅರಸರಿಗಿಂತ ಹತ್ತಿರ ಬದುಕಿದವರನ್ನೇ ಈ ಕಲ್ಲುಗಳು ನೆನಪಿಟ್ಟುಕೊಂಡಿವೆ ಎನ್ನುವುದು ತಿಳಿಯುತ್ತದೆ. ಇಂದು ಲಾಡ್ ಖಾನ್ ಮರಳಿ ಬಂದರೆ ಒಳಗೆ ಹಾಸಿಗೆ ಬಿಚ್ಚುವ ಮೊದಲೇ ಕಾವಲುಗಾರನ ಸೀಟಿ ಕೇಳಬೇಕಾದೀತು. ಅವನ ಕೊಠಡಿಯ ಲಕ್ಷಣಗಳನ್ನು ಮಾತ್ರ ಇಂದಿನ ಅತಿಥಿಯೂ ಕೇಳುತ್ತಿದ್ದಾನೆ: ಕಲ್ಲಿನ ಗೋಡೆ, ಕೆತ್ತನೆಯ ಕಂಬ, ಜಾಲಂಧ್ರದಿಂದ ಬರುವ ಬೆಳಕು, ಜೊತೆಗೆ ವೈ-ಫೈ. ಅದನ್ನು ಒದಗಿಸಲು ಹೆದ್ದಾರಿಯ ಪಕ್ಕದ ಕಾಂಕ್ರೀಟು ಕಟ್ಟಡಗಳು ಮುಂಬಾಗಿಲಿಗೆ ಎರಡು ಸಿಮೆಂಟಿನ ಕಂಬ ನಿಲ್ಲಿಸಿ, ನಡುವೆ ಫೈಬರಿನ ಗಣಪತಿಯನ್ನು ಕೂರಿಸಿ, ಇದು ಚಾಲುಕ್ಯ ಶೈಲಿ ಎಂದು ಬೋರ್ಡು ಹಾಕಿಕೊಂಡಿವೆ. ಅವುಗಳ ಸುತ್ತ ನಿಷೇಧಿತ ವೃತ್ತವಿಲ್ಲದಿರುವುದು ಕಲೆಯ ದೃಷ್ಟಿಯಿಂದ ನ್ಯಾಯವಾಗಿಯೇ ಇದೆ.

ವಸತಿ ಗೊತ್ತಾದ ಮೇಲೆ ಯೋಜನೆಯ ಎರಡನೆಯ ಘಟ್ಟ, ಅಂದರೆ ಉಪಾಹಾರ ಮತ್ತು ಚೆಕ್-ಔಟ್ ಎಂಬ ಎರಡು ಗಡಿಗಳ ನಡುವೆ ಮೂರು ಊರುಗಳ ಶಿಲ್ಪವನ್ನು ಹಿಡಿಸುವ ಕೆಲಸ. ಮರಳುಗಲ್ಲು ಕೆಂಪಾಗಿ ಹೊಳೆಯುವುದು ಮುಂಜಾನೆಯ ಎಳೆಬಿಸಿಲಿನಲ್ಲಿ. ಬಾಡಿಗೆಯಲ್ಲಿ ಸೇರಿದ ಇಡ್ಲಿ, ಪೂರಿ, ಬ್ರೆಡ್ಡು, ಕಲ್ಲಂಗಡಿ ಹೋಳುಗಳು ತಟ್ಟೆಗೆ ಬರುವುದೂ ಅದೇ ಹೊತ್ತಿನಲ್ಲಿ. ದುಡ್ಡು ಕೊಟ್ಟಾಗಿರುವುದರಿಂದ ಇಡ್ಲಿಯೇ ಗೆಲ್ಲುತ್ತದೆ. ಎಲ್ಲರೂ ಮಿಂದು, ತಿಂದು, ಕಾರಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಇತ್ಯರ್ಥವಾಗಿ, 22 ಕಿಲೋಮೀಟರು ದಾಟಿ ಪಟ್ಟದಕಲ್ಲಿಗೆ ಬರುವಷ್ಟರಲ್ಲಿ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಕಲ್ಲು ಕಾದಿರುತ್ತದೆ. ಕಂಚಿಯ ಪಲ್ಲವರ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮುಂದೆ ಆಗ ಕುಟುಂಬದ ಒಂದು ಚಿತ್ರ ತೆಗೆಯಲಾಗುತ್ತದೆ. ಅಲ್ಲಿಂದ ತುಸು ತೆಂಕಣಕ್ಕೆ ನಡೆದರೆ ಪಾಪನಾಥ ಗುಡಿ, ಹೊರಗೋಡೆಯ ಮೇಲೆ ಸಾಲುಸಾಲಾಗಿ ರಾಮಾಯಣದ ದೃಶ್ಯಗಳು. ಗುಡಿಗೆ ಕಾಲ್ನಡಿಗೆಯ ದೂರದಲ್ಲೇ ಕೊಠಡಿ ಬೇಕೆಂದು ಹಟ ಹಿಡಿದು ಸಿಕ್ಕ ಸಿಕ್ಕ ಲಾಡ್ಜುಗಳಿಗೆಲ್ಲ ಫೋನು ಮಾಡಿದವರು ಆ ಕಾಲ್ನಡಿಗೆಯ ದೂರವನ್ನು ನೋಡಿ, ಅದೂ ಇದರ ಹಾಗೆಯೇ ಇರುತ್ತದೆ ಎಂದು ಕಾರಿಗೆ ಮರಳುತ್ತಾರೆ. ಲೋಕಮಹಾದೇವಿಯ ತಂಗಿಯೂ ಲೋಕಮಹಾದೇವಿಯ ಸವತಿಯೂ ಆದ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದ್ದರಿಂದ ಅವಳಿಗೆ ಈ ಅವಮಾನ ತಪ್ಪಿತು.

ಯೋಜನೆ ಎಷ್ಟೇ ಬಿಗಿಯಾಗಿದ್ದರೂ ಎರಡು ಸಂಗತಿಗಳು ಅದರೊಳಗೆ ಬರುವುದಿಲ್ಲ. ಮೊದಲನೆಯದು, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ ಎಂಬುದು. ದೀರ್ಘ ವಾರಾಂತ್ಯವೆಂದು ಶುಕ್ರವಾರವೇ ಬಂದಿಳಿದವರು ಇದನ್ನು ಬೀಗದಿಂದ ತಿಳಿದುಕೊಳ್ಳುತ್ತಾರೆ. ಎರಡನೆಯದು ಬನದ ಹುಣ್ಣಿಮೆ. ಬಾದಾಮಿಯಿಂದ 5 ಕಿಲೋಮೀಟರು ದೂರದ ಬನಶಂಕರಿಯಲ್ಲಿ ಪುಷ್ಯ ಮಾಸದ ಹುಣ್ಣಿಮೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ಜಾತ್ರೆ ನಡೆಯುತ್ತದೆ, ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕಿ ರಾತ್ರಿಯೆಲ್ಲ ನಾಟಕವಾಡುತ್ತವೆ, ಸುತ್ತಲ ಜಿಲ್ಲೆಗಳ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಕ್ರಿಸ್‌ಮಸ್ಸಿನ ರಜೆಯನ್ನು ವರ್ಷದ ಮೊದಲೇ ಲೆಕ್ಕ ಹಾಕಿಟ್ಟ ನಗರದ ಯಾತ್ರಿಕನಿಗೆ ಜನವರಿಯಲ್ಲಿ ಊರಿನ ಲಾಡ್ಜುಗಳೆಲ್ಲ ಏಕೆ ತುಂಬಿವೆ ಎಂಬುದು ಮಾತ್ರ ತಿಳಿಯುವುದಿಲ್ಲ. ಪ್ರಾಚೀನ ದೇವಸ್ಥಾನಗಳ ಪ್ರವಾಸಕ್ಕೆ ಬಂದವನಿಗೆ ದೇವಸ್ಥಾನವೊಂದರಲ್ಲಿ ಇನ್ನೂ ದೇವರಿದ್ದಾಳೆ, ಭಕ್ತರೂ ಇದ್ದಾರೆ ಎಂಬುದು ವ್ಯವಸ್ಥೆಯಲ್ಲಿನ ಲೋಪವಾಗಿ ಕಾಣುತ್ತದೆ. ಅಲ್ಲೇ ಮರದ ನೆರಳಿನಲ್ಲಿ ಬುಟ್ಟಿ ಹೊತ್ತ ಹೆಂಗಸರು ಜೋಳದ ರೊಟ್ಟಿ, ಕೆಂಪು ಚಟ್ನಿ, ಮಡಕೆಯ ಗಟ್ಟಿ ಮೊಸರು ಬಡಿಸುತ್ತಾರೆ. ಅದನ್ನು ತಿನ್ನುವಷ್ಟು ಹಸಿವು ಬಫೆಯಲ್ಲಿ ಕೂತೆದ್ದವರಿಗೆ ಇರುವುದಿಲ್ಲ.

ಸಾವಿರಾರು ರೂಪಾಯಿಯ ಕೊಠಡಿಯಲ್ಲಿ ತಂಗಿದವರು ವಿಶ್ವ ಪರಂಪರೆಯ ತಾಣದ ಟಿಕೆಟ್ ಕಿಂಡಿಯಲ್ಲಿ 40 ರೂಪಾಯಿಗೆ ವಾದಿಸುವ ದೃಶ್ಯವನ್ನು ವಿವರಿಸಲು ಹೋಗುವುದಿಲ್ಲ. ಹದಿನೈದು ದಾಟಿದ ಮೀಸೆಯ ಮಕ್ಕಳೆಲ್ಲ ಆ ಕಿಂಡಿಯ ಮುಂದೆ ಹದಿನಾಲ್ಕಕ್ಕೆ ಇಳಿಯುತ್ತಾರೆ ಎಂದಷ್ಟು ಹೇಳಿದರೆ ಸಾಕು. ಹೆಚ್ಚು ಗಮನ ಸೆಳೆಯುವುದು ಊರಿಗೆ ಮರಳಿದ ಮೇಲೆ ಅವರು ಹಂಚುವ ನಕ್ಷತ್ರಗಳು. ಲಾಡ್ಜಿಗೆ ನಾಲ್ಕು, ಏಕೆಂದರೆ ಪನೀರ್ ಚೆನ್ನಾಗಿತ್ತು. ಬಾದಾಮಿಯ ಗುಹೆಗಳಿಗೆ ಮೂರು, ಏಕೆಂದರೆ ಮೆಟ್ಟಿಲು ಹೆಚ್ಚು, ಮಂಗಗಳು ಇನ್ನೂ ಹೆಚ್ಚು. 578ರಲ್ಲಿ ಚಾಲುಕ್ಯ ಅರಸುಕುಲದ ಮಂಗಲೇಶ ಮೂರನೆಯ ಗುಹೆಯಲ್ಲಿ ಶಾಸನ ಕೆತ್ತಿಸುವಾಗ ಲಿಫ್ಟಿನ ವಿಚಾರವನ್ನು ಕಡೆಗಣಿಸಿದ್ದು ನಿಜಕ್ಕೂ ಅವನ ದೂರದೃಷ್ಟಿಯ ಕೊರತೆ. ಐಹೊಳೆಗೆ ಎರಡೇ ನಕ್ಷತ್ರ, ಏಕೆಂದರೆ ಹತ್ತಿರದಲ್ಲಿ ಒಳ್ಳೆಯ ಹೋಟೆಲಿಲ್ಲ. ಆ ಊರಿನ ಮೇಗುತಿ ಗುಡ್ಡದ ಮೇಲೆ 634ರಲ್ಲಿ ಜಿನಾಲಯ ಕಟ್ಟಿಸಿದ ಕವಿ ರವಿಕೀರ್ತಿ ಇದನ್ನೆಲ್ಲ ಮೊದಲೇ ಊಹಿಸಿದ್ದನೋ ಏನೋ. ಕಾಳಿದಾಸ ಭಾರವಿಗಳ ಕೀರ್ತಿ ತನ್ನದು ಎಂದು ಅದೇ ಗೋಡೆಯ ಶಾಸನದಲ್ಲಿ ತಾನೇ ಬರೆದು, ಸಂದರ್ಶಕರ ದಯೆಗೆ ಕಾಯದೆ ಐದೂ ನಕ್ಷತ್ರಗಳನ್ನು ತೆಗೆದುಕೊಂಡುಬಿಟ್ಟ. ಕಪ್ಪೆ ಅರಭಟ್ಟನಿಗೆ ಮಾತ್ರ ಒಂದೂ ಸಿಗಲಿಲ್ಲ. ಕನ್ನಡದ ಅತಿ ಹಳೆಯ ತ್ರಿಪದಿಗಳನ್ನು ಹೊತ್ತ ಅವನ ಶಾಸನ ಬಾದಾಮಿಯ ಕೆರೆಯ ಆಚೆ ತಟ್ಟುಕೋಟಿಯ ಬಂಡೆಯ ಮೇಲಿದೆ, ಆದರೆ ಸ್ವಾಗತ ಕೌಂಟರಿನ ಮೇಲಿಟ್ಟ ಸಮೀಪದ ಆಕರ್ಷಣೆಗಳ ಪಟ್ಟಿಯಲ್ಲಿ ಅವನಿಲ್ಲ.

ಐಹೊಳೆಯ ಎರಡು ನಕ್ಷತ್ರಗಳ ಬಗ್ಗೆ ಸರ್ಕಾರಗಳಿಗೂ ಚಿಂತೆಯಿದೆ. ಸ್ಮಾರಕಗಳ ನಡುವಿನ ಮನೆಗಳನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತು ದಶಕಗಳಿಂದ ಕೇಳಿಬರುತ್ತಿದೆ. ಸರ್ಕಾರ ಬದಲಾದಾಗ ಮಾತು ಹೊಸದಾಗುತ್ತದೆ, ಮನೆಗಳು ಹಳೆಯದಾಗುತ್ತವೆ. ಹೋಗುವವರೆಂದು ಕಟ್ಟಲು ಬಿಡುವುದಿಲ್ಲ, ಕಟ್ಟಿಕೊಳ್ಳಲು ಬೇರೆ ಜಾಗ ಬರುವುದಿಲ್ಲ, ಹೀಗಾಗಿ ಸೋರುವ ಮಾಳಿಗೆಯ ಕೆಳಗೆ ಕೂತವರು ತಾವು ಅತಿಕ್ರಮಣಕಾರರೋ ಪರಂಪರೆಯ ವಾರಸುದಾರರೋ ಎಂಬುದನ್ನು ಆಯಾ ವರ್ಷದ ಸುತ್ತೋಲೆ ನೋಡಿಯೇ ತಿಳಿಯಬೇಕು. ಮುಂದೊಂದು ದಿನ ಅವರೆಲ್ಲ ಹೊರಟು, ಎಮ್ಮೆಗಳು ಹೊರಟು, ಕುಳ್ಳು ತಟ್ಟಿದ ಗೋಡೆಗಳು ಬಿದ್ದು, ಆ ಜಾಗದಲ್ಲಿ ಹಸಿರು ಹುಲ್ಲು ಹಾಸಿದಾಗ, ಊರು ಬಹಳ ಬೋಳಾಗಿದೆ, ಸ್ಥಳೀಯ ಜೀವನ ನೋಡಲು ಸಿಗಲಿಲ್ಲ ಎಂದು ಯಾತ್ರಿಕರು ಒಂದು ನಕ್ಷತ್ರ ಕಡಿಮೆ ಮಾಡುವುದು ಖಚಿತ. ಅದಕ್ಕೂ ಪರಿಹಾರ ಸಿದ್ಧವಿದೆ. ಹೆದ್ದಾರಿಯ ಪಕ್ಕದ ರೆಸಾರ್ಟಿನ ಹುಲ್ಲುಹಾಸಿನ ಮೂಲೆಯಲ್ಲಿ ಮಣ್ಣಿನ ಗೋಡೆ ಎಬ್ಬಿಸಿ, ಹೊರಸು ಹಾಕಿ, ಚಕ್ಕಡಿಯೊಂದನ್ನು ನಿಲ್ಲಿಸಿ, ಸ್ಥಳಾಂತರಗೊಂಡವರಲ್ಲೇ ಇಬ್ಬರು ಹೆಂಗಸರನ್ನು ಸಂಜೆ ಆರರಿಂದ ಎಂಟರವರೆಗೆ ರೊಟ್ಟಿ ಬಡಿಯಲು ಕೂರಿಸಿದರೆ ಗ್ರಾಮೀಣ ಅನುಭವ ತಯಾರಾಗುತ್ತದೆ. ಬಾಡಿಗೆ ಬೇರೆ, ಅನುಭವಕ್ಕೆ ತಲಾ ದರ ಬೇರೆ. ಬೆಳಗಿನ ಉಪಾಹಾರ ಮಾತ್ರ ಎರಡರಲ್ಲೂ ಸೇರಿರುತ್ತದೆ.