ಸಿಮಿಲಿ ಗುರುತಿಸಿದರೆ ಪಾಠ ಮುಗಿಯಿತಾ?

ಏಳನೇ, ಎಂಟನೇ ಕ್ಲಾಸಿನ ಇಂಗ್ಲಿಷ್ ರಿವಿಷನ್ ನಡೆಯುವ ರೀತಿ ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ‘ಲೈಕ್’ ಅಥವಾ ‘ಆಸ್’ ಇದ್ದರೆ ಸಿಮಿಲಿ (ಉಪಮೆ), ಇಲ್ಲದಿದ್ದರೆ ಮೆಟಫರ್ (ರೂಪಕ). ಗೆರೆ ಎಳಿ, ಹೆಸರು ಬರಿ, ಒಂದು ಮಾರ್ಕ್ಸ್ ತಗೋ. ಬರೆದವರು ಆ ಹೋಲಿಕೆಯನ್ನು ಯಾಕೆ ತಂದರು, ಓದಿದಾಗ ನಿನಗೆ ಏನನ್ನಿಸಿತು ಅಂತ ಮಕ್ಕಳನ್ನು ಯಾರೂ ಕೇಳುವುದಿಲ್ಲ.

ನಾನು ಸಾಗರದಲ್ಲಿ ಮನೆಯಲ್ಲೇ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಅಕ್ಕನ ಮಗಳು ಅಮೆರಿಕದಲ್ಲಿ ಏಳನೇ ಕ್ಲಾಸು. ಅವಳ ರಿವಿಷನ್ ಶೀಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಳು. ಒಂದು ಪುಟದಲ್ಲಿ ಈಥೋಸ್, ಪೇಥೋಸ್, ಲೋಗೋಸ್. ಇನ್ನೊಂದು ಪುಟದಲ್ಲಿ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್ (ಜೀವ ಇಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವುದು), ಹೈಪರ್‌ಬೊಲಿ (ಅತಿಶಯೋಕ್ತಿ). ನನ್ನ ಹತ್ತಿರ ಬರುವ ಮಕ್ಕಳ ಪುಸ್ತಕದಲ್ಲಿ ಎರಡನೆಯದು ಗ್ರಾಮರ್ ಪಾಠ, ಪತ್ರ ಮತ್ತು ಭಾಷಣ ಬರೆಯುವುದು ಎಲ್ಲೋ ಕೊನೆಯಲ್ಲಿ. ಅಲ್ಲೂ ಬೇರೆ ಬೇರೆ, ಇಲ್ಲೂ ಬೇರೆ ಬೇರೆ. ನನ್ನ ತಕರಾರು ಇಲ್ಲೇ ಇರುವುದು. ಇವೆರಡೂ ಒಂದೇ ಪಾಠ, ಒಟ್ಟಿಗೇ ರಿವಿಷನ್ ಆಗಬೇಕು.

ಈಥೋಸ್, ಪೇಥೋಸ್, ಲೋಗೋಸ್ ಅನ್ನುವ ಹೆಸರು ಕೇಳಿ ಹೆದರಬೇಕಾಗಿಲ್ಲ. ಸುಮಾರು 2300 ವರ್ಷಗಳ ಹಿಂದೆ ಗ್ರೀಸ್‌ನ ಅರಿಸ್ಟಾಟಲ್ ಹೇಳಿದ್ದು ಇಷ್ಟು: ಜನ ಒಂದು ಮಾತನ್ನು ಒಪ್ಪುವುದು ಹೇಳುವವರ ಮೇಲಿನ ನಂಬಿಕೆಯಿಂದ, ಅದು ಈಥೋಸ್. ಲೆಕ್ಕ, ಕಾರಣ ಕೊಟ್ಟು ಒಪ್ಪಿಸಿದರೆ ಲೋಗೋಸ್. ಮನಸ್ಸಿಗೆ ತಟ್ಟಿಸಿ ಒಪ್ಪಿಸಿದರೆ ಪೇಥೋಸ್. ನಮ್ಮ ಮಕ್ಕಳು ಇದನ್ನು ಮನೆ ಜಗಲಿಯಲ್ಲೇ ನೋಡಿದ್ದಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಬೇಸಿಗೆ ಹತ್ತಿರ ಬಂದಾಗ ಆಶಾ ಕಾರ್ಯಕರ್ತೆ ಮನೆಗೆ ಬಂದು, “ಅಮ್ಮ, ದರಗಿಗೆ (ಕಾಡಿನ ಒಣ ಎಲೆ ತರೋಕೆ) ಹೋಗೋ ಮುಂಚೆ ಉಣುಗು (ಉಣ್ಣೆ) ಹತ್ತದ ಹಾಗೆ ಎಣ್ಣೆ ಹಚ್ಕೊಳ್ಳಿ, ಉಣುಗು ಕಚ್ಚಿದ್ರೆ ಜ್ವರ ಬರತ್ತೆ, ಮನೇಲಿ ಸಣ್ಣ ಮಕ್ಕಳಿದಾರೆ” ಅನ್ನುತ್ತಾರೆ. ಅವರು ನಮ್ಮೂರಿನವರೇ, ಅದಕ್ಕೇ ಅಜ್ಜಿ ಕೇಳುತ್ತಾರೆ. ಉಣುಗಿನಿಂದ ಜ್ವರ ಅನ್ನುವುದು ಕಾರಣ. ಸಣ್ಣ ಮಕ್ಕಳಿದ್ದಾರೆ ಅನ್ನುವುದು ನೇರ ಎದೆಗೆ. ಒಂದೇ ವಾಕ್ಯದಲ್ಲಿ ಮೂರೂ ಬಂತಲ್ವಾ?

ಈಗ ಅಲಂಕಾರದ ವಿಷಯ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಎದುರು ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣ ಎಲ್ಲರಿಗೂ ಗೊತ್ತು. ‘ಐ ಹ್ಯಾವ್ ಎ ಡ್ರೀಮ್’ ಅನ್ನುವ ಕನಸಿನ ಭಾಗವನ್ನಷ್ಟೇ ಎಲ್ಲರೂ ಓದಿಸುತ್ತಾರೆ. ನಾನು ಅದಕ್ಕಿಂತ ಮುಂಚಿನ ಭಾಗವನ್ನೂ ಓದಿಸುತ್ತೇನೆ. ಅಲ್ಲಿ ಅವರು ಹೇಳುತ್ತಾರೆ, ಅಮೆರಿಕದ ಸಂವಿಧಾನ ಮತ್ತು ಸ್ವಾತಂತ್ರ್ಯ ಘೋಷಣೆ ಅಂದರೆ ದೇಶ ತನ್ನ ಪ್ರತಿ ಪ್ರಜೆಗೂ ಬರೆದುಕೊಟ್ಟ ಪ್ರಾಮಿಸರಿ ನೋಟು (ಹಣ ಕೊಡುತ್ತೇನೆ ಅನ್ನುವ ಪತ್ರ), ಆದರೆ ಕಪ್ಪು ಜನರ ಕೈಗೆ ಬಂದಿದ್ದು ಖಾತೆಯಲ್ಲಿ ಹಣ ಇಲ್ಲ ಅಂತ ವಾಪಸ್ ಬಂದ ಚೆಕ್ಕು. ಅಡಿಕೆ ಮಾರಿದ ದುಡ್ಡಿನ ಚೆಕ್ಕು ಬೌನ್ಸ್ ಆದರೆ ಮನೆಯಲ್ಲಿ ಏನಾಗುತ್ತೆ ಅಂತ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾ? ಬೇಡ. ಆ ಮೆಟಫರ್ ಮಾಡುವ ಕೆಲಸ ನೋಡಿ. ನೀವೇ ಬರೆದುಕೊಟ್ಟಿದ್ದೀರಿ, ಕೊಡಿ ಅನ್ನುವುದು ಲೋಗೋಸ್. ದೇಶ ಕಟ್ಟಿದವರ ಕಾಗದವನ್ನೇ ಮುಂದಿಟ್ಟು, ಗುಲಾಮರ ಬಿಡುಗಡೆ ಸಾರಿದ ಲಿಂಕನ್ನರ ಎದುರು ನಿಂತು ಕೇಳುವುದು ಈಥೋಸ್. ಮೋಸ ಹೋದವರ ನೋವು ಪೇಥೋಸ್. ಅವರು ಭಿಕ್ಷೆ ಕೇಳುತ್ತಿಲ್ಲ, ಬಾಕಿ ಕೇಳುತ್ತಿದ್ದಾರೆ. ಇದನ್ನು ಓದಿದ ಮಗು ಕೊನೆಗೆ ‘ಮೆಟಫರ್’ ಅಂತ ಮಾತ್ರ ಬರೆದು ಪೂರ್ತಿ ಅಂಕ ತಗೊಂಡರೆ ನಾವು ಅದಕ್ಕೆ ಏನು ಕಲಿಸಿದ ಹಾಗಾಯಿತು?

‘ಲೈಕ್, ಆಸ್’ ಸೂತ್ರ ಬೇರೆ ಕೈ ಕೊಡುತ್ತದೆ. ‘ಐ ಲೈಕ್ ಜಾಕ್‌ಫ್ರೂಟ್’ ಅನ್ನುವುದಕ್ಕೂ ಮಕ್ಕಳು ಸಿಮಿಲಿ ಅಂತ ಬರೆಯುತ್ತಾರೆ. ಅಣ್ಣನಷ್ಟೇ ಎತ್ತರ ಇದ್ದಾನೆ ಅನ್ನುವುದು ಬರೀ ಅಳತೆ, ಅಲಂಕಾರ ಅಲ್ಲ. ಕನ್ನಡ ವ್ಯಾಕರಣದಲ್ಲಿ ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಅಂತ ನಾಲ್ಕು ಭಾಗ ಇದೆಯಲ್ಲ, ಅದನ್ನೇ ಇಂಗ್ಲಿಷ್ ಕ್ಲಾಸಿಗೂ ತನ್ನಿ. ಎರಡಕ್ಕೂ ಇರುವ ಸಮಾನ ಗುಣ ಯಾವುದು ಅಂತ ಕೇಳಿದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಉಳಿದ ಅಲಂಕಾರಗಳಿಗೆ ನಮಗೆ ಜೋಗ ಸಾಕು. ಗಂಭೀರವಾಗಿ ಬೀಳುವ ರಾಜ, ಬಳುಕುವ ರಾಣಿ, ಅಬ್ಬರಿಸುವ ರೋರರ್, ಚಿಮ್ಮುವ ರಾಕೆಟ್. 253 ಮೀಟರ್ ಮೇಲಿಂದ ಬೀಳುವ ನೀರಿನಲ್ಲಿ ಪರ್ಸಾನಿಫಿಕೇಶನ್, ಮೆಟಫರ್, ಅನುಪ್ರಾಸ ಎಲ್ಲ ಇದೆ.

ನಾನು ಮಾಡಿಸುವ ಅಭ್ಯಾಸ ಒಂದಿದೆ. ಹಳ್ಳಕ್ಕೆ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಬೇಕು ಅಂತ ಗ್ರಾಮ ಪಂಚಾಯಿತಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು. ಮೊದಲ ಸಲ ಎಲ್ಲರೂ ‘ನಮಗೆ ತುಂಬಾ ಕಷ್ಟ, ದಯವಿಟ್ಟು ಕಟ್ಟಿಸಿ’ ಅಂತ ಬರೆಯುತ್ತಾರೆ. ಬರೀ ಪೇಥೋಸ್. ಆಮೇಲೆ ಕೇಳುತ್ತೇನೆ: ಎಷ್ಟು ಮಕ್ಕಳು ದಾಟುತ್ತೀರಿ, ಯಾವ ತಿಂಗಳು ನೀರು ಜಾಸ್ತಿ, ಸುತ್ತಿ ಬಂದರೆ ಎಷ್ಟು ದೂರ, ಜೊತೆಗೆ ಯಾರ ಸಹಿ ಹಾಕಿಸುತ್ತೀರಿ? ಇದೆಲ್ಲ ಬಂದ ಮೇಲೆ ಒಂದೇ ಒಂದು ಹೋಲಿಕೆ ಬರೆಯಿರಿ ಅನ್ನುತ್ತೇನೆ. ಒಂದೇ. ಯಾಕೆಂದರೆ ‘ನಮ್ಮ ಹಳ್ಳದಲ್ಲಿ ಸಮುದ್ರವೇ ಹರಿಯುತ್ತೆ’ ಅಂತ ಹೈಪರ್‌ಬೊಲಿ ಹಾಕಿದರೆ ಓದುವ ಎಂಜಿನಿಯರ್ ಮಕ್ಕಳ ಲೆಕ್ಕವನ್ನೂ ನಂಬುವುದಿಲ್ಲ. ಅಲಂಕಾರ ಜಾಸ್ತಿ ಆದರೆ ಈಥೋಸ್ ಬೀಳುತ್ತದೆ ಅನ್ನುವುದು ಎರಡೂ ಪಾಠವನ್ನು ಒಟ್ಟಿಗೆ ಓದಿದವರಿಗೆ ಮಾತ್ರ ಹೊಳೆಯುವ ವಿಷಯ.

ಇದು ಬರೀ ಮಾರ್ಕ್ಸಿನ ಮಾತೂ ಅಲ್ಲ. ‘ನಿಮ್ಮ ಮಗುವಿನ ಭವಿಷ್ಯ ನಿಮ್ಮ ಕೈಯಲ್ಲಿ’ ಅಂತ ಹೆದರಿಸುವ ಕೋಚಿಂಗ್ ಸೆಂಟರಿನ ಪಾಂಪ್ಲೆಟ್, ಹೀರೋ ಒಬ್ಬರ ಫೋಟೊ ಹಾಕಿ ಮಾರುವ ಪಾನ್ ಮಸಾಲ, ಎಲ್ಲ ಈ ಮಕ್ಕಳನ್ನೂ ಇವರ ಅಪ್ಪ ಅಮ್ಮಂದಿರನ್ನೂ ಹುಡುಕಿಕೊಂಡು ಬರುತ್ತಿವೆ. ಹೀರೋಗೂ ಆ ವಸ್ತುವಿಗೂ ಏನು ಸಂಬಂಧ, ಹೆದರಿಕೆ ತೆಗೆದರೆ ಇದರಲ್ಲಿ ಕಾರಣ ಏನು ಉಳಿಯಿತು ಅಂತ ಹನ್ನೆರಡು ವರ್ಷದ ಮಗು ಕೇಳಬಲ್ಲದು. ಕೇಳುವುದನ್ನು ನಾವು ಕಲಿಸಬೇಕು ಅಷ್ಟೇ.

ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನದೊಂದು ಬೇಡಿಕೆ. ‘ನೇಮ್ ದ ಫಿಗರ್ ಆಫ್ ಸ್ಪೀಚ್’ ಅನ್ನುವ ಐದು ಪ್ರಶ್ನೆಗಳಲ್ಲಿ ಮೂರನ್ನು ತೆಗೆಯಿರಿ. ಆ ಜಾಗದಲ್ಲಿ ಒಂದು ಸಣ್ಣ ಪ್ಯಾರಾ ಕೊಡಿ. ಈ ಹೋಲಿಕೆ ತೆಗೆದುಬಿಟ್ಟರೆ ಈ ಮಾತು ಯಾಕೆ ಸಪ್ಪೆ ಆಗುತ್ತದೆ, ಬರೆದವರನ್ನು ನೀನು ಯಾಕೆ ನಂಬಿದೆ ಅಥವಾ ನಂಬಲಿಲ್ಲ ಅಂತ ಕೇಳಿ. ಇಂಗ್ಲಿಷಿನಲ್ಲಿ ಉತ್ತರ ತೊದಲಿದರೂ ಯೋಚನೆ ಸರಿ ಇದ್ದರೆ ಮಾರ್ಕ್ಸ್ ಕೊಡಿ.