ಬೆನ್ನಲ್ಲಿ ಕಣ್ಣಿಲ್ಲದ ಕ್ಯಾಮೆರಾ

ಹೋದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಆರು ವರ್ಷದವನು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ವಯಸ್ಸು. ನನ್ನ ಹಳೇ ಫಿಲ್ಮ್ ಕ್ಯಾಮೆರಾ ಮೇಜಿನ ಮೇಲಿತ್ತು. ಎತ್ತಿಕೊಂಡ, ಕಣ್ಣಿಗೆ ಹಿಡಿದ, ನಾನು ಬೇಡ ಅನ್ನುವಷ್ಟರಲ್ಲಿ ಒಂದು ಫೋಟೋ ಹೊಡೆದೇಬಿಟ್ಟ. ಆಮೇಲೆ ಕ್ಯಾಮೆರಾ ತಿರುಗಿಸಿ ಅದರ ಬೆನ್ನು ನೋಡಿದ. ಫಿಲ್ಮ್ ಡಬ್ಬಿಯಿಂದ ಹರಿದು ಅಲ್ಲಿ ಸಿಕ್ಕಿಸಿದ್ದ ರಟ್ಟಿನ ಚೂರು ಬಿಟ್ಟರೆ ಏನೂ ಇಲ್ಲ.

"ಫೋಟೋ ಎಲ್ಲಿ ಮಾಮ?"

"ಒಳಗಿದೆ ಕಣೋ."

"ತೋರ್ಸು."

"ಈಗ ಆಗಲ್ಲ."

"ಯಾಕೆ, ಹಾಳಾಗಿದ್ಯಾ?"

ಹಾಳಾಗಿಲ್ಲ ಅಂತ ಅವನನ್ನು ಒಪ್ಪಿಸಲು ನನ್ನ ಕೈಲಿ ಆಗಲಿಲ್ಲ. ಆದರೆ ಆ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿತು, ಅದಕ್ಕೇ ಇಷ್ಟುದ್ದದ ಬರಹ. ಬೋರಾದರೆ ಮುಂದೆ ಸ್ಕ್ರೋಲ್ ಮಾಡಿ, ಬೇಜಾರಿಲ್ಲ.

ಈ ಕಾಲದಲ್ಲೂ ಫಿಲ್ಮ್ ಯಾಕೆ ಅಂತ ಕೇಳಿದರೆ ನಮ್ಮಂಥವರು ಕೊಡುವ ಉತ್ತರಗಳಲ್ಲಿ ಅರ್ಧ ಬರೀ ರೀಲು. (ರೀಲು ಬಿಡುವುದು ಅನ್ನುವ ಮಾತು ನಮ್ಮಲ್ಲಿ ಇನ್‌ಸ್ಟಾಗ್ರಾಂಗಿಂತ ತುಂಬಾ ಹಳೆಯದು, ನೆನಪಿರಲಿ.) "ಫಿಲ್ಮ್‌ಗೆ ಜೀವ ಇದೆ, ಡಿಜಿಟಲ್‌ಗೆ ಇಲ್ಲ" ಅನ್ನುತ್ತಾರೆ. ಹೀಗೆ ಹೇಳುವವರು ಆ ನೆಗೆಟಿವನ್ನು ಏನು ಮಾಡುತ್ತಾರೆ? ಸ್ಕ್ಯಾನ್ ಮಾಡಿಸುತ್ತಾರೆ. ಅಂದರೆ ಇನ್ನೊಂದು ಡಿಜಿಟಲ್ ಕ್ಯಾಮೆರಾ ಅಥವಾ ಸ್ಕ್ಯಾನರ್ ಅದರ ಫೋಟೋ ತೆಗೆಯುತ್ತದೆ, ಅದು ಜೇಪೆಗ್ ಆಗಿ ಫೋನ್‌ಗೆ ಬರುತ್ತದೆ, ನಾವು ಅದನ್ನು ಅಂಗೈಯಗಲದ ಪರದೆಯಲ್ಲಿ ನೋಡಿ "ಆಹಾ, ಆ ಗ್ರೇನ್ (ಫಿಲ್ಮ್‌ನ ಚುಕ್ಕೆ ಚುಕ್ಕೆ ನೋಟ) ನೋಡಿ" ಅನ್ನುತ್ತೇವೆ. ನಾನೂ ಅಂದಿದ್ದೇನೆ. ಈಗ ನೆನೆಸಿಕೊಂಡರೆ ಸ್ವಲ್ಪ ನಗು ಬರುತ್ತದೆ.

ವ್ಯತ್ಯಾಸವೇ ಇಲ್ಲ ಅಂತಲ್ಲ. ಫಿಲ್ಮ್‌ನಲ್ಲಿ ಬೆಳ್ಳಿಯ ಲವಣದ ಹರಳುಗಳು ಜೆಲಟಿನ್‌ನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಒಂದು ದೊಡ್ಡದು, ಒಂದು ಚಿಕ್ಕದು, ಸಾಲಿಲ್ಲ, ಲೆಕ್ಕವಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್‌ನಲ್ಲಿ ಪಿಕ್ಸೆಲ್‌ಗಳು ಚೌಕಳಿ ಕಾಗದದ ಮನೆಗಳ ಹಾಗೆ ಅಚ್ಚುಕಟ್ಟಾಗಿ ಕೂತಿರುತ್ತವೆ. ಬೆಳಕಿನ ವಿಷಯದಲ್ಲೂ ಇವೆರಡರ ಸ್ವಭಾವ ಬೇರೆ ಬೇರೆ. ಡಿಜಿಟಲ್‌ನಲ್ಲಿ ಬೆಳಕು ಮಿತಿ ದಾಟಿತೋ ಮುಗಿಯಿತು, ಆ ಜಾಗ ಬರೀ ಬಿಳಿ, ಏನು ಮಾಡಿದರೂ ವಾಪಸ್ ಬರುವುದಿಲ್ಲ. ಕಲರ್ ನೆಗೆಟಿವ್ ಆದರೆ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಬೆಳಕು ಬಿದ್ದರೂ ತಡೆದುಕೊಳ್ಳುತ್ತದೆ, ಬಿಳಿ ಮೆಲ್ಲಗೆ ಕರಗುತ್ತದೆ. ನೆರಳಿನಲ್ಲಿ ಇದೇ ಮಾತು ತಿರುಗುಮುರುಗು. ಡಿಜಿಟಲ್‌ನ ಕತ್ತಲೆಯಿಂದ ಎಷ್ಟೋ ವಿವರ ಎಳೆದು ತೆಗೆಯಬಹುದು, ಬೆಳಕು ಸಾಲದ ನೆಗೆಟಿವ್‌ನಲ್ಲಿ ಉಳಿಯುವುದು ಬೂದು ಕೆಸರು ಮಾತ್ರ. ಆದರೆ ಇದನ್ನೆಲ್ಲ ಇವತ್ತು ಸಾಫ್ಟ್‌ವೇರ್‌ನಲ್ಲಿ ಹತ್ತಿರ ಹತ್ತಿರ ಅನುಕರಿಸಬಹುದು. ಫ್ಯೂಜಿಫಿಲ್ಮ್‌ನವರು ತಮ್ಮದೇ ಹಳೇ ಫಿಲ್ಮ್‌ಗಳ ಬಣ್ಣವನ್ನು ತಮ್ಮ ಡಿಜಿಟಲ್ ಕ್ಯಾಮೆರಾಗಳ ಒಳಗೇ ಇಟ್ಟು ಮಾರುತ್ತಾರೆ. ಬೇಕಿದ್ದದ್ದು ಬರೀ ನೋಟವೇ ಆಗಿದ್ದರೆ ಜನ ಅಷ್ಟಕ್ಕೇ ತೃಪ್ತರಾಗಿ ಫಿಲ್ಮ್ ಬಿಟ್ಟುಬಿಡುತ್ತಿದ್ದರು.

ಇನ್ನೊಂದು ಉತ್ತರ ಮಿತವ್ಯಯದ್ದು. "ರೋಲ್‌ನಲ್ಲಿ 36 ಫೋಟೋ ಮಾತ್ರ, ಅದಕ್ಕೇ ಯೋಚಿಸಿ ತೆಗೆಯುತ್ತೇವೆ, ಅದಕ್ಕೇ ಫೋಟೋ ಚೆನ್ನಾಗಿ ಬರುತ್ತದೆ." ನಾನು ಇದನ್ನು ತುಂಬಾ ವರ್ಷ ನಂಬಿದ್ದೆ. ನಂಬಿಕೆ ಅಲುಗಾಡಿದ್ದು ಗ್ಯಾರಿ ವಿನೋಗ್ರಾಂಡ್ ಬಗ್ಗೆ ಓದಿದಾಗ. ಅಮೆರಿಕದ ಬೀದಿಗಳಲ್ಲಿ ಫೋಟೋ ತೆಗೆದ ದೊಡ್ಡ ಹೆಸರು ಅದು. ಆ ಮನುಷ್ಯ ಯೋಚಿಸಿ ಯೋಚಿಸಿ ತೆಗೆದವನೇ ಅಲ್ಲ, ಎಡಬಿಡದೆ ಹೊಡೆದವನು. 1984ರಲ್ಲಿ ತೀರಿಕೊಂಡಾಗ ತೊಳೆಯದ (ಅಂದರೆ ರಾಸಾಯನಿಕದಲ್ಲಿ ಅದ್ದಿ ಚಿತ್ರ ಕಾಣಿಸುವ ಹಾಗೆ ಮಾಡದ) ರೋಲ್‌ಗಳೇ ಸುಮಾರು 2,500 ಉಳಿದಿದ್ದವು. ರೋಲಿಗೆ 36ರ ಹಾಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 90,000 ಚಿತ್ರ, ತೆಗೆದವನೇ ನೋಡದ್ದು! ಇದರಲ್ಲಿ ಮಿತವ್ಯಯ ಎಲ್ಲಿಂದ ಬಂತು?

ಆದರೆ ಅವನ ಇನ್ನೊಂದು ಅಭ್ಯಾಸ ಗಮನಿಸಿ. ರೋಲ್ ಮುಗಿದ ಮೇಲೂ ಬೇಕಂತಲೇ ವರ್ಷಗಟ್ಟಲೆ ತೊಳೆಯದೆ ಇಡುತ್ತಿದ್ದ. ಫೋಟೋ ತೆಗೆದ ದಿನದ ಖುಷಿ, ಬೇಜಾರು ಎಲ್ಲ ಮರೆತುಹೋಗಲಿ, ಆಮೇಲೆ ಚಿತ್ರವನ್ನು ಚಿತ್ರವಾಗಿ ನೋಡೋಣ ಅಂತ. ವಿವಿಯನ್ ಮೇಯರ್ ಕಥೆ ಎಷ್ಟೋ ಜನಕ್ಕೆ ಗೊತ್ತಿರಬಹುದು. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ ಷಿಕಾಗೋ ಬೀದಿಗಳಲ್ಲಿ ಸಾವಿರಾರು ಫೋಟೋ ತೆಗೆದವಳು. 2007ರಲ್ಲಿ ಅವಳ ಪೆಟ್ಟಿಗೆಗಳು ಹರಾಜಾದವು, 2009ರಲ್ಲಿ ಅವಳು ತೀರಿಕೊಂಡಳು, ಅವಳ ಎಷ್ಟೋ ರೋಲ್‌ಗಳನ್ನು ತೊಳೆದದ್ದೇ ಆಮೇಲೆ. ಅವಳಿಗೆ ಸ್ವಭಾವವೋ, ಅನಿವಾರ್ಯವೋ, ಯಾರು ಬಲ್ಲರು. ವಿನೋಗ್ರಾಂಡ್ ಬೇಕೆಂದೇ ತಡಮಾಡಿದವನು. ಇಬ್ಬರಿಗೂ ಒಂದು ಮಾತು ಮಾತ್ರ ಒಪ್ಪುತ್ತದೆ. ತೆಗೆಯುವುದು ಒಂದು ಕೆಲಸ, ನೋಡುವುದು ಇನ್ನೊಂದು ಕೆಲಸ, ನಡುವೆ ದೊಡ್ಡ ಬಿಡುವು.

ನನ್ನ ಪ್ರಕಾರ ಫಿಲ್ಮ್‌ನ ಗುಟ್ಟಿರುವುದು ಆ ಬಿಡುವಿನಲ್ಲೇ. ಹಾಗೆ ನೋಡಿದರೆ ಜಗಳ ಫಿಲ್ಮ್‌ಗೂ ಸೆನ್ಸರ್‌ಗೂ ಅಲ್ಲವೇ ಅಲ್ಲ. 1975ರಲ್ಲಿ ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ ಟೇಪ್‌ಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು, ನೋಡಬೇಕೆಂದರೆ ಆ ಟೇಪನ್ನು ಬೇರೆ ಯಂತ್ರಕ್ಕೆ ಹಾಕಿ ಟಿವಿಗೆ ಜೋಡಿಸಬೇಕಿತ್ತು. ಅದು ಡಿಜಿಟಲ್ಲೇ, ಆದರೂ ಕಾಯಿಸುತ್ತಿತ್ತು. ನಿಜವಾಗಿ ಆಟ ಬದಲಾದದ್ದು 1995ರಲ್ಲಿ, ಕ್ಯಾಸಿಯೋದವರು ಕ್ಯೂವಿ-10 ಅನ್ನುವ ಪುಟ್ಟ ಕ್ಯಾಮೆರಾದ ಬೆನ್ನಿಗೆ ಒಂದು ಪರದೆ ಅಂಟಿಸಿ ಮಾರುಕಟ್ಟೆಗೆ ಬಿಟ್ಟಾಗ. ಚಿತ್ರದ ಗುಣಮಟ್ಟ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ತೆಗೆದ ತಕ್ಷಣ ತಿರುಗಿಸಿ ನೋಡಬಹುದಿತ್ತು. ಇಷ್ಟವಾಗದಿದ್ದರೆ ಅಳಿಸಬಹುದಿತ್ತು. ಅಲ್ಲಿಂದ ಶುರುವಾದ ಕತ್ತು ಬಗ್ಗಿಸುವ ಚಾಳಿ ಇನ್ನೂ ಬಿಟ್ಟಿಲ್ಲ. ಫೋಟೋಗ್ರಾಫರ್‌ಗಳು ಇದಕ್ಕೆ ಚಿಂಪಿಂಗ್ ಅಂತ ಹೆಸರಿಟ್ಟಿದ್ದಾರೆ. ಒಂದು ಹೊಡೆದು ಪರದೆ ನೋಡಿ "ಊ ಊ" ಅನ್ನುವುದು, ಥೇಟ್ ಚಿಂಪಾಂಜಿ ಹಾಗೆ.

ತಕ್ಷಣ ನೋಡಿದರೆ ತಪ್ಪೇನು, ಸರಿಯಾಗಿ ಬಂತೋ ಇಲ್ಲವೋ ಗೊತ್ತಾಗುತ್ತದಲ್ವಾ? ಗೊತ್ತಾಗುತ್ತದೆ. ಕಷ್ಟ ಏನೆಂದರೆ ಆ ಕ್ಷಣದಲ್ಲಿ "ಸರಿ" ಅಂದರೆ ಏನು ಅಂತ ನಮಗೆ ಗೊತ್ತಿರುವುದಿಲ್ಲ. ನಾವು ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡಿರುತ್ತೇವೆ, ಪರದೆಯಲ್ಲಿ ಬಂದದ್ದು ಅದರ ಹಾಗಿಲ್ಲದಿದ್ದರೆ ಬೆರಳು ತಾನಾಗಿಯೇ ಕಸದ ಬುಟ್ಟಿಯ ಗುರುತಿನ ಕಡೆಗೆ ಹೋಗುತ್ತದೆ.

ನಮ್ಮಪ್ಪನದೇ ಒಂದು ಉದಾಹರಣೆ ಹೇಳುತ್ತೇನೆ. ಅವರಿಗೆ ಫೋಟೋ ಅಂದರೆ ಅಲರ್ಜಿ. ಕ್ಯಾಮೆರಾ ಕಂಡರೆ ಸೈನಿಕನ ಹಾಗೆ ಸೆಟೆದು, ತುಟಿ ಬಿಗಿದು, ಉಸಿರು ಹಿಡಿದು ನಿಲ್ಲುತ್ತಿದ್ದರು. ಒಂದು ಸಂಜೆ ಕಿಟಕಿ ಹತ್ತಿರ ಬೆಳಕು ಚೆನ್ನಾಗಿತ್ತು ಅಂತ ಗೋಗರೆದು ಕೂರಿಸಿದೆ. ಒಂದು ತೆಗೆದೆ. "ಆಯ್ತೇನೋ?" ಅಂತ ಅವರು ಕೇಳುವುದಕ್ಕೂ ಫಿಲ್ಮ್ ಮುಂದೆ ಸರಿಸುವ ಲೀವರ್ ಎಳೆದ ನನ್ನ ಬೆರಳು ತಪ್ಪಿ ಬಟನ್ ಒತ್ತುವುದಕ್ಕೂ ಸರಿಹೋಯಿತು. ಬಾಯಿ ಅರ್ಧ ತೆರೆದಿದೆ, ಕೈ ಕನ್ನಡಕದ ಕಡೆಗೆ ಹೊರಟು ಮಸುಕಾಗಿದೆ, ಇಡೀ ಚಿತ್ರ ಸ್ವಲ್ಪ ಓರೆ. ಛೆ, ಒಂದು ಫ್ರೇಮ್ ದಂಡ ಅಂತ ಬೈದುಕೊಂಡೆ. ಎರಡು ತಿಂಗಳಾದ ಮೇಲೆ ನೆಗೆಟಿವ್ ಕೈಗೆ ಬಂದಾಗಲೂ ಅದು ನನಗೆ ದಂಡವೇ. ಅಪ್ಪ ಹೋದ ಮೇಲೆ ಯಾವುದೋ ಹುಡುಕುತ್ತಾ ಆ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಸೆಟೆದು ಕೂತ ಫೋಟೋದಲ್ಲಿ ಇದ್ದದ್ದು ಅಪ್ಪನ ಅಂಗಿ. ಪಕ್ಕದ್ದರಲ್ಲಿ ಅಪ್ಪ ಇದ್ದರು. ಮುಂದಿನ ಕ್ಷಣ "ಸಾಕು ಬಿಡೋ" ಅಂತಾರೇನೋ ಅನ್ನುವಷ್ಟು.

ಅವತ್ತು ನನ್ನ ಕೈಯಲ್ಲಿ ಡಿಜಿಟಲ್ ಇದ್ದಿದ್ದರೆ ಆ ಚಿತ್ರ ಎರಡು ಸೆಕೆಂಡು ಬದುಕುತ್ತಿತ್ತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಅಳಿಸುವ ದಾರಿ ಇರಲಿಲ್ಲ ಅಷ್ಟೆ. ಚೆನ್ನಾಗಿ ಬಂದ ಫ್ರೇಮ್ ಒಂದೇ ಸಾಕು ಅಂತ ನೆಗೆಟಿವ್‌ನಲ್ಲಿ ಪಕ್ಕದ್ದನ್ನು ಕತ್ತರಿಸಿ ಎಸೆಯುವವರು ತೀರಾ ಕಡಿಮೆ. ಒಳ್ಳೆಯದೂ ಕೆಟ್ಟದ್ದೂ ಒಂದೇ ಪಟ್ಟಿಯಲ್ಲಿ, ತೆಗೆದ ಕ್ರಮದಲ್ಲೇ, ಅಕ್ಕಪಕ್ಕ ಕೂತಿರುತ್ತವೆ.

ಇದರ ರಸಾಯನಶಾಸ್ತ್ರವೂ ನನಗೆ ಭಾರಿ ಇಷ್ಟ. ಶಟರ್ ತೆರೆದು ಮುಚ್ಚಿದಾಗ ಬೆಳಕು ತಾಗಿದ ಹರಳಿನಲ್ಲಿ ಬೆರಳೆಣಿಕೆಯಷ್ಟು ಬೆಳ್ಳಿಯ ಪರಮಾಣುಗಳು ಒಂದೆಡೆ ಸೇರುತ್ತವೆ, ಅಷ್ಟೇ. ಆಗ ಫಿಲ್ಮನ್ನು ಹೊರಗೆ ಎಳೆದು ನೋಡಿದರೂ (ನೋಡಬೇಡಿ!) ಏನೂ ಕಾಣುವುದಿಲ್ಲ. ಚಿತ್ರ ಇದೆ, ಆದರೆ ಕಾಣಿಸದ ಹಾಗೆ ಇದೆ. ಡೆವಲಪರ್ ಅನ್ನುವ ರಾಸಾಯನಿಕದಲ್ಲಿ ಮುಳುಗಿಸಿದಾಗ ಆ ನಾಲ್ಕಾರು ಪರಮಾಣುಗಳೇ ಬೀಜವಾಗಿ ಇಡೀ ಹರಳು ಬೆಳ್ಳಿಯಾಗುತ್ತದೆ. ಆಮೇಲೆ ಹೈಪೋ ಅನ್ನುವ ಇನ್ನೊಂದು ರಾಸಾಯನಿಕ ಬಂದು ಬೆಳಕು ಕಾಣದ ಹರಳುಗಳನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅಂದರೆ ಹುಡುಗನಿಗೆ ನಾನು ಹೇಳಿದ್ದು ಸುಳ್ಳಲ್ಲ. ಫೋಟೋ ಒಳಗೇ ಇತ್ತು.

ಹಾಗಂತ ಆ ಬಿಡುವಿಗೆ ಕೊನೆಯೇ ಇಲ್ಲ ಅಂದುಕೊಳ್ಳಬೇಡಿ. ಕೊಡಾಕ್ರೋಮ್ ಅಂತ ಒಂದು ಸ್ಲೈಡ್ ಫಿಲ್ಮ್ (ನೆಗೆಟಿವ್ ಅಲ್ಲ, ನೇರವಾಗಿ ನಿಜವಾದ ಬಣ್ಣದಲ್ಲೇ ಚಿತ್ರ ಬರುವಂಥದ್ದು) ಇತ್ತು, 1935ರಿಂದ 2009ರವರೆಗೆ ತಯಾರಾಯಿತು. ಅದರ ಬಣ್ಣ ಫಿಲ್ಮ್‌ನೊಳಗೆ ಇರುತ್ತಿರಲಿಲ್ಲ, ತೊಳೆಯುವಾಗ ಸೇರುತ್ತಿತ್ತು. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್ 2010ರ ಡಿಸೆಂಬರ್ ಕೊನೆಗೆ ಹೊಸ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಇವತ್ತು ಯಾರದಾದರೂ ಡ್ರಾಯರ್‌ನಲ್ಲಿ ಅಂಥ ರೋಲ್ ಸಿಕ್ಕರೆ ಕಪ್ಪು ಬಿಳುಪಿನಲ್ಲಿ ಏನೋ ಒಂದಿಷ್ಟು ತೆಗೆಯಬಹುದು. ಬಣ್ಣ ಮಾತ್ರ ಹೋಯಿತು.

ಈಗ ನನ್ನ ಸ್ನೇಹಿತರೊಬ್ಬರ ವಾದ. "ನಿನಗೆ ಬೇಕಿರುವುದು ಕಾಯುವುದು ತಾನೇ? ಡಿಜಿಟಲ್ ಕ್ಯಾಮೆರಾದ ಪರದೆಗೆ ಟೇಪ್ ಅಂಟಿಸು. ಫಿಲ್ಮ್ ಯಾಕೆ?" ಸರಿಯಾದ ಮಾತು, ಮಾಡಿಯೂ ನೋಡಿದೆ. ಮೂರನೇ ದಿನ ಟೇಪ್‌ನ ಒಂದು ಮೂಲೆ ಎದ್ದಿತು, ನಾಲ್ಕನೇ ದಿನ "ಫೋಕಸ್ ಒಂದು ನೋಡಿಬಿಡೋಣ" ಅಂತ ಕಿತ್ತೇಬಿಟ್ಟೆ. ನೋಡುವ ದಾರಿ ಇದ್ದೂ ನೋಡದಿರುವಷ್ಟು ಗಟ್ಟಿ ಮನಸ್ಸು ನನ್ನದಲ್ಲ. ಆದರೆ ಈ ಆಸೆ ನನ್ನೊಬ್ಬನದೇ ಅಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. 2016ರಲ್ಲಿ ಲೈಕಾ ಕಂಪನಿ ಎಂ-ಡಿ ಅಂತ ಒಂದು ಡಿಜಿಟಲ್ ಕ್ಯಾಮೆರಾ ತಂದಿತು, ಅದರ ಬೆನ್ನಿನಲ್ಲಿ ಪರದೆಯೇ ಇಲ್ಲ! ಆ ಜಾಗದಲ್ಲಿ ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವ ಅಳತೆ) ಬದಲಿಸುವ ಒಂದು ಗುಂಡನೆಯ ಚಕ್ರ. ಇರುವುದನ್ನು ತೆಗೆಸಿಕೊಳ್ಳಲು ದುಡ್ಡು ಕೊಡುವ ಜನ ಇದ್ದಾರೆ ನೋಡಿ.

ಪೊಲರಾಯ್ಡ್ ಕಥೆ ಏನು ಅಂತಲೂ ಕೇಳಬಹುದು. ಅದೂ ಫಿಲ್ಮೇ, 1948ರಿಂದಲೇ ನಿಮಿಷದಲ್ಲಿ ಫೋಟೋ ಕೈಗೆ ಕೊಡುತ್ತಿತ್ತು. ಒಪ್ಪಿದೆ, ನನ್ನ ವಾದಕ್ಕೆ ಇಲ್ಲೊಂದು ತೂತಿದೆ. ಅದನ್ನೂ ಅಳಿಸಲು ಆಗುವುದಿಲ್ಲ ಅನ್ನುವುದಷ್ಟೇ ನನ್ನ ಸಮಾಧಾನ.

ಬಿಡುವಿನ ಬಗ್ಗೆ ಇಷ್ಟು ಹೊಗಳಿದ ಮೇಲೆ ಅದು ನನಗೆ ಕೊಟ್ಟ ಪೆಟ್ಟನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ರೀಲು ಬಿಟ್ಟ ಹಾಗಾಗುತ್ತದೆ. ಅಕ್ಕನ ಇದೇ ಮಗ ಮೊದಲ ಸಲ ನಡೆಯಲು ಶುರುಮಾಡಿದ ವಾರ ನಾನು ಅಲ್ಲೇ ಇದ್ದೆ. ಹೊಸ ರೋಲ್ ಹಾಕಿ ಹೊಡೆದೆ, ಹೊಡೆದೆ. ಎದ್ದದ್ದು, ಬಿದ್ದದ್ದು, ಗೋಡೆ ಹಿಡಿದದ್ದು, ಅಕ್ಕ ಕೈ ಚಾಚಿ ಕೂತದ್ದು. ಎಣಿಕೆ 36 ಆಯಿತು. 37 ಆಯಿತು. 38 ಅಂದಾಗ ಹೊಟ್ಟೆಯೊಳಗೆ ಏನೋ ಕದಡಿತು. ಫಿಲ್ಮ್‌ನ ತುದಿ ಒಳಗಿನ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಲೀವರ್ ಎಳೆಯುವಾಗ ರಿವೈಂಡ್ ತಿರುಪು (ಫಿಲ್ಮನ್ನು ಡಬ್ಬಿಗೆ ವಾಪಸ್ ಸುತ್ತುವ ಗುಂಡಿ) ಜೊತೆಗೇ ತಿರುಗುತ್ತಿದೆಯಾ ಅಂತ ನೋಡಬೇಕು, ಮೊದಲ ಪಾಠವೇ ಅದು, ಆತುರದಲ್ಲಿ ನೋಡಿರಲಿಲ್ಲ. ಇಡೀ ವಾರ ನಾನು ಖಾಲಿ ಕ್ಯಾಮೆರಾ ಕ್ಲಿಕ್ಕಿಸಿದ್ದೆ. ಅಕ್ಕನಿಗೆ ಹೇಳಿದಾಗ ಬೈಯಲಿಲ್ಲ, ಸುಮ್ನೆ ತನ್ನ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಹುಡುಗ ನಡೆಯುತ್ತಿದ್ದಾನೆ, ಮೂಲೆಯಲ್ಲಿ ನಾನು ಮೊಣಕಾಲೂರಿ ಭಾರಿ ಗಂಭೀರವಾಗಿ ಫೋಟೋ ತೆಗೆಯುತ್ತಿದ್ದೇನೆ.

ಮತ್ತೆ ಬರದಂಥ ಗಳಿಗೆ ಇದ್ದರೆ ಫೋನೂ ಜೊತೆಗಿರಲಿ ಅನ್ನುತ್ತೇನೆ ಈಗ. ಖರ್ಚು, ಧೂಳು, ಗೀಚು, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡುವ ಹೊಸ ಸಿ.ಟಿ. ಸ್ಕ್ಯಾನರ್‌ಗಳು ಫಿಲ್ಮ್‌ಗೆ ಮಂಕು ಕವಿಸುವ ಭಯ, ಇವೆಲ್ಲ ಬೇರೆ. ಆದರೂ ಜನ ಬಿಟ್ಟಿಲ್ಲ. ಕೊಡ್ಯಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ನಿಲ್ಲಿಸಿದ್ದ ಅವರ ಎಕ್ಟಾಕ್ರೋಮ್ ಅನ್ನುವ ಸ್ಲೈಡ್ ಫಿಲ್ಮ್ 2018ರಲ್ಲಿ ವಾಪಸ್ ಬಂತು. 2024ರಲ್ಲಿ ಪೆಂಟಾಕ್ಸ್ 17 ಅನ್ನುವ ಹೊಚ್ಚಹೊಸ ಫಿಲ್ಮ್ ಕ್ಯಾಮೆರಾ ಬಂತು, 36ರ ರೋಲ್‌ನಲ್ಲಿ 72 ಅರ್ಧ ಫ್ರೇಮ್ ತೆಗೆಯುವಂಥದ್ದು. 72 ಫೋಟೋ ಮುಗಿಯುವವರೆಗೆ ಕಾಯುವುದು! ನನಗೆ 36ಕ್ಕೇ ನಾಲ್ಕು ತಿಂಗಳು ಬೇಕು.

ಹುಡುಗ ಹೊಡೆದದ್ದು ಈ ರೋಲ್‌ನ 31ನೆಯದು. ಅವನು ಕ್ಯಾಮೆರಾ ಹಿಡಿದಿದ್ದ ಎತ್ತರ ನೋಡಿದರೆ ನನ್ನ ಹೊಟ್ಟೆಯೋ ಫ್ಯಾನೋ ಬಂದಿರಬೇಕು. ಪ್ರತಿ ಭಾನುವಾರ ಅಕ್ಕನ ಫೋನ್‌ನಿಂದ ಕರೆ ಮಾಡುತ್ತಾನೆ.

"ಮಾಮ, ಬಂತಾ?"

"ಇನ್ನೂ ಐದು ಉಳಿದಿವೆ ಕಣೋ."

"ಬೇಗ ಬೇಗ ಹೊಡೆದು ಖಾಲಿ ಮಾಡು."

ನಿನ್ನೆ ಒಂದು ಹೊಡೆದೆ. ಇನ್ನು ನಾಲ್ಕು.