ಸತ್ಯಾಂಶ: ಬೆಚ್ಚಗಿನ ನಾದ ವಾಲ್ವ್‌ಗಷ್ಟೇ ಮೀಸಲಲ್ಲ

‘ವಾಲ್ವ್ ಆಂಪ್ಲಿಫೈಯರ್ ಇದ್ದರೆ ಮಾತ್ರ ಬೆಚ್ಚಗಿನ ನಾದ, ಟ್ರಾನ್ಸಿಸ್ಟರ್‌ನದು ಒಣ ಸದ್ದು’ ಎಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತಿದೆ. (ವಾಲ್ವ್ ಎಂದರೆ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ನಿರ್ವಾತ ಕೊಳವೆ.) ಇದರಲ್ಲಿ ಅರ್ಧ ಮಾತ್ರ ನಿಜ.

ಸುಮಾರು 100ರಿಂದ 300 ಹರ್ಟ್ಸ್ ನಡುವಿನ ಧ್ವನಿ ತುಸು ತುಂಬಿಕೊಂಡು, ಮೇಲಿನ ಚುರುಕು ತಗ್ಗಿದಾಗ ನಾದ ಬೆಚ್ಚಗಿದೆ ಎನ್ನುತ್ತೇವೆ. ಆಗ ಗಂಡುದನಿ ಮೈದುಂಬಿ ಕೇಳುತ್ತದೆ, ‘ಸ’ಕಾರದ ಸೀಳು ಮೆತ್ತಗಾಗುತ್ತದೆ. ಕೆಲವು ವಾಲ್ವ್ ಆಂಪ್ಲಿಫೈಯರ್‌ಗಳು ಮೂಲಸ್ವರಕ್ಕೆ ಅದರ ಎರಡರಷ್ಟು ಆವರ್ತನದ ಛಾಯೆಯನ್ನು ಬೆರೆಸುತ್ತವೆ. ಅದು ಒಂದು ಸ್ಥಾಯಿ ಮೇಲಿನ ಅದೇ ಸ್ವರ. ಹಾಗಾಗಿ ಕಿವಿಗೆ ಹಿತ. ವಾಲ್ವ್ ಆಂಪ್ಲಿಫೈಯರ್‌ಗಳ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಸ್ಪೀಕರ್‌ಗೆ ಹೋಗುವ ವಿದ್ಯುತ್ತಿಗೆ ಅವೇ ಒಡ್ಡುವ ತಡೆ, ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಸ್ಪೀಕರ್ ಬದಲಾದರೆ ನಾದದ ಬಣ್ಣವೂ ಬದಲಾಗುತ್ತದೆ. ಎಲ್ಲ ವಾಲ್ವ್ ಯಂತ್ರಗಳೂ ಹೀಗಿರುವುದಿಲ್ಲ.

ನನ್ನ ಪ್ರಕಾರ ಮೊದಲು ಗಮನಿಸಬೇಕಾದದ್ದು ಸ್ಪೀಕರ್ ಮತ್ತು ಕೋಣೆಯನ್ನು. ಸ್ಪೀಕರನ್ನು ಗೋಡೆಯತ್ತ ಒಂದು ಗೇಣು ಸರಿಸಿ ನೋಡಿ, ತಗ್ಗುಸ್ವರ ತುಂಬಿಕೊಳ್ಳುತ್ತದೆ!

ವ್ಯಾಟ್ ಲೆಕ್ಕಕ್ಕೂ ಮರುಳಾಗಬೇಡಿ. ಶಕ್ತಿ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. 87ರ ಬದಲು 90 ಡೆಸಿಬೆಲ್ ಸಂವೇದನೆಯ (ಒಂದೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) ಸ್ಪೀಕರ್‌ಗೆ ಅಷ್ಟೇ ಧ್ವನಿಗೆ ಅರ್ಧ ಶಕ್ತಿಯೇ ಸಾಕು.

ಎರಡು ಆಂಪ್ಲಿಫೈಯರ್‌ಗಳನ್ನು ಹೋಲಿಸುವಾಗ ಧ್ವನಿಮಟ್ಟವನ್ನು ಅಳೆದು ಸಮ ಮಾಡಿಕೊಳ್ಳಿ. ತುಸು ಜೋರಾಗಿರುವುದೇ ಇಂಪೆಂದು ಕಿವಿ ನಂಬಿಬಿಡುತ್ತದೆ.